ನುಣ್ಣಗಿದ್ದ ಕ್ಯಾನು

ಒಂದು ಊರಿನ ಮಹಿಳಾ ಡೈರಿಯಲ್ಲಿ ಜಯಶೀಲಾ ಎಂಬ ಕಾರ್ಯದರ್ಶಿ ಇದ್ದಳು. ಹಾಲು ಅಳೆಯುವುದು, ಕ್ಯಾನು ತೊಳೆಯುವುದು ಎರಡೂ ಅವಳದೇ ಕೆಲಸ. ಕ್ಯಾನು ಎಂದರೆ ಊರವರ ಹಾಲನ್ನೆಲ್ಲ ಸುರಿದು ಲಾರಿಗೆ ಏರಿಸುವ ದೊಡ್ಡ ಸ್ಟೀಲಿನ ಪಾತ್ರೆ. ಎಲ್ಲರ ಹಾಲೂ ಒಟ್ಟಿಗೆ ಸೇರುವುದರಿಂದ, ಕೆಟ್ಟರೆ ಎಲ್ಲರದೂ ಕೆಡುತ್ತದೆ.

ಎರಡು ದಿನ ಒಂದೇ ಕ್ಯಾನಿನ ಹಾಲು ಪಟ್ಟಣ ಮುಟ್ಟುವಷ್ಟರಲ್ಲಿ ಹುಳಿಯಾಗಿ ವಾಪಸು ಬಂತು. ಮತ್ತೊಮ್ಮೆ ಹೀಗಾದರೆ ಲಾರಿ ಈ ಊರಿಗೆ ಬರುವುದಿಲ್ಲವೆಂದು ಎಚ್ಚರಿಕೆಯೂ ಬಂತು. ಜಯಶೀಲಾ ಗಾಬರಿಯಾದಳು. ಕ್ಯಾನಿಗೆ ಕ್ರಿಮಿ ಕೊಲ್ಲುವ ಔಷಧಿ ಪುಡಿಯನ್ನು ಎರಡು ಪಟ್ಟು ಹಾಕಿ ತೊಳೆದಳು. ಆದರೂ ಹಾಲು ತಂದವರಲ್ಲೇ ಯಾರದೋ ತಪ್ಪಿರಬೇಕೆಂಬ ಅನುಮಾನ ಹೋಗಲಿಲ್ಲ. ಆ ಕ್ಯಾನಿಗೆ ಕೊನೆಗೆ ಹಾಲು ಸುರಿಯುತ್ತಿದ್ದವಳು ದೇವೀರಮ್ಮ. ವಯಸ್ಸಾದವಳು. ಇದ್ದ ಒಂದೇ ಹಸುವಿನ ಹಾಲೇ ಅವಳಿಗೆ ಅನ್ನ.

ಮರುದಿನ ಬೆಳಿಗ್ಗೆ ಸಾಲಿನಲ್ಲಿ ನಿಂತವರೆಲ್ಲರ ಎದುರಿಗೇ ಜಯಶೀಲಾ ಹೇಳಿದಳು:

“ನಿಮ್ಮ ಹಾಲು ಬೇಡ ದೇವೀರಮ್ಮ. ಹಳೇ ಹಾಲು ಬೆರೆಸಿ ತರ್ತಿದ್ದೀರ.”

ದೇವೀರಮ್ಮನ ಮುಖ ಬಾಡಿತು. ಆದರೆ ಅವಳು ಜಗಳಕ್ಕೆ ನಿಲ್ಲಲಿಲ್ಲ.

“ಕ್ಯಾನ್ ಒಳಗೆ ಕೈ ಹಾಕಿ ನೋಡಿದ್ದೀಯೇನವ್ವ?” ಎಂದಳು.

“ನೋಡದೆ ಇರ್ತೀನಾ? ಎಷ್ಟು ನುಣ್ಣಗಿದೆ ಗೊತ್ತಾ!”

“ಅಯ್ಯೋ, ನುಣ್ಣಗಿರೋದೇ ರೋಗ ಕಣವ್ವ! ತೊಳೆದ ಪಾತ್ರೆ ಬೆರಳಿಗೆ ಕಿರ್ ಅನ್ನಬೇಕು. ಜಾರಿದ್ರೆ ಲೋಳೆ ಕೂತದೆ ಅಂತ. ಇಪ್ಪತ್ತು ವರ್ಷ ಹೋಟ್ಲಲ್ಲಿ ಪಾತ್ರೆ ತಿಕ್ಕಿದ ಕೈ ಇದು. ಒಂದು ಕೆಲಸ ಮಾಡು. ನನ್ನ ಹಾಲು ಅರ್ಧ ನಿನ್ನ ಕ್ಯಾನಲ್ಲಿಡು, ಅರ್ಧ ನನ್ನ ಚೊಂಬಲ್ಲೇ ಇರ್ಲಿ. ಮಧ್ಯಾಹ್ನ ಎರಡನ್ನೂ ಕಾಯಿಸಿ ನೋಡುವ.”

ಆ ದಿನ ಉಳಿದವರ ಹಾಲು ಬೇರೆ ಕ್ಯಾನುಗಳಲ್ಲಿ ಹೋಯಿತು. ಮಧ್ಯಾಹ್ನ ಜಯಶೀಲಾಳೇ ಒಲೆ ಹಚ್ಚಿದಳು. ಕ್ಯಾನಿನ ಹಾಲು ಕುದಿ ಬರುವ ಮೊದಲೇ ಒಡೆದುಹೋಯಿತು. ಚೊಂಬಿನ ಹಾಲು ಕೆನೆಗಟ್ಟಿ ಉಕ್ಕಿತು. ಹಸು ಒಂದೇ, ಹಾಲು ಒಂದೇ. ಬೇರೆಯಾಗಿದ್ದು ಪಾತ್ರೆ ಮಾತ್ರ.

“ಎರಡು ಪಟ್ಟು ಔಷಧಿ ಹಾಕಿದ್ನಲ್ಲಮ್ಮ!” ಎಂದಳು ಜಯಶೀಲಾ, ಅಳುವ ದನಿಯಲ್ಲಿ.

“ಕಂಬಳಿ ಹೊದ್ದು ಮಲಗಿದವನ ಮೇಲೆ ನೀರು ಚಿಮುಕಿಸಿದ್ರೆ ಮೈ ನೆನೀತದಾ? ಮೊದ್ಲು ಕಂಬಳಿ ಎಳಿ.”

ದೇವೀರಮ್ಮನ ಮಾತಿನ ಅರ್ಥ ಇಷ್ಟು. ಹಾಲಿನ ಪಸೆ ಉಳಿದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಬಂದು ಅಂಟಿಕೊಳ್ಳುತ್ತವೆ. ಅಂಟಿಕೊಂಡು ಸುತ್ತಲೂ ಲೋಳೆ ಕಟ್ಟಿಕೊಳ್ಳುತ್ತವೆ. ಆ ಲೋಳೆಯೇ ಅವುಗಳ ಕಂಬಳಿ. ಔಷಧಿಯ ನೀರು ಮೇಲೆ ಹರಿದುಹೋಗುತ್ತದೆ, ಒಳಗಿನವು ಬೆಚ್ಚಗೆ ಉಳಿಯುತ್ತವೆ.

ದೇವೀರಮ್ಮ ಸೆರಗು ಸಿಕ್ಕಿಸಿಕೊಂಡು ಕುಳಿತಳು. ಬಿಸಿನೀರು, ವಾಷಿಂಗ್ ಸೋಡಾ, ಉದ್ದ ಹಿಡಿಯ ಬ್ರಷ್ಷು. ಕ್ಯಾನಿನ ತಳ, ಕುತ್ತಿಗೆಯ ತಿರುವು, ಮುಚ್ಚಳದ ರಬ್ಬರಿನ ಸಂದು, ಒಂದನ್ನೂ ಬಿಡಲಿಲ್ಲ. ರಬ್ಬರು ಬಿಚ್ಚಿದಾಗ ಹಳದಿ ಲೋಳೆ ಕೈಗೇ ಬಂತು. ಜಯಶೀಲಾ ಬೆರಗಾಗಿ ನೋಡಿದಳು. ತಾನು ದಿನವೂ ಮುಟ್ಟುವ ಮುಚ್ಚಳ, ಒಂದು ದಿನವೂ ಬಿಚ್ಚಿರಲಿಲ್ಲ! ಚೆನ್ನಾಗಿ ತಿಕ್ಕಿ ತೊಳೆದ ಮೇಲೆಯೇ ದೇವೀರಮ್ಮ ಔಷಧಿ ಹಾಕಿಸಿದಳು, ಅದೂ ಅಳತೆಯಷ್ಟೇ. ಕೊನೆಗೆ ಕ್ಯಾನನ್ನು ಬಿಸಿಲಿಗೆ ಬೋರಲು ಹಾಕಿದಳು. ತೇವ ಆರಿದರೆ ಲೋಳೆ ಬೇಗ ಕಟ್ಟುವುದಿಲ್ಲ.

ಮರುದಿನ ಅದೇ ಕ್ಯಾನಿನಲ್ಲಿ, ದೇವೀರಮ್ಮನ ಹಾಲೂ ಸೇರಿ, ಲಾರಿ ಹತ್ತಿದ ಹಾಲು ಚೆನ್ನಾಗಿದೆಯೆಂದು ಪಟ್ಟಣದಿಂದ ಫೋನು ಬಂತು. ಅಂದು ಸಂಜೆಯ ಸಾಲಿನಲ್ಲಿ, ಎಲ್ಲರಿಗೂ ಕೇಳುವಂತೆ, ಜಯಶೀಲಾ ಹೇಳಿದಳು:

“ಕೆಟ್ಟಿದ್ದು ಈಯಮ್ಮನ ಹಾಲಲ್ಲ. ನಾನು ತಿಕ್ಕದೆ ಔಷಧಿ ಸುರಿದೆ. ವಿಚಾರಿಸದೆ ಅಪವಾದ ಹೊರಿಸಿದೆ. ತಪ್ಪಾಯ್ತು ದೇವೀರಮ್ಮ. ನಾಳೆಯಿಂದ ಕ್ಯಾನು ತೊಳೆಯೋವಾಗ ನೀವು ಪಕ್ಕದಲ್ಲಿದ್ದು ಹೇಳಿಕೊಡ್ತೀರಾ?”

“ಹೇಳಿಕೊಡ್ತೀನಿ, ಬೈತಾನೂ ಇರ್ತೀನಿ. ಈಗ ಹಾಲು ಅಳೆಯವ್ವ, ಎಲ್ಲಾರೂ ಕಾಯ್ತಾ ಅವ್ರೆ,” ಎಂದು ದೇವೀರಮ್ಮ ಚೊಂಬು ಮುಂದೆ ಚಾಚಿದಳು.

ನೀತಿ: ಕೊಳೆಯ ಮೇಲೆ ಎಷ್ಟು ಔಷಧಿ ಸುರಿದರೂ ಕೊಳೆ ಹೋಗದು, ದಿನವೂ ಬುಡದವರೆಗೆ ತಿಕ್ಕಬೇಕು. ಹಾಗೆಯೇ, ಇನ್ನೊಬ್ಬರ ಮೇಲೆ ತಪ್ಪು ಹೊರಿಸುವ ಮೊದಲು ನಮ್ಮ ಕೆಲಸದ ಒಳಗೆ ಕೈಹಾಕಿ ನೋಡಿಕೊಳ್ಳಬೇಕು.