ಸುತ್ತಿಗೆ ನಿಂತ ದಿನ

"ಗುರುಗಳೇ, ಜನರಿಗೆ ತೊಂದರೆ ಕೊಡದೆ ಜನರಿಗಾಗಿ ದಾರಿ ಮಾಡುವುದು ಹೇಗೆ?" ಎಂದು ನಿರ್ವಾಣಪ್ಪ ಕೇಳಿದ.

ಅವನು ಮಠದಲ್ಲಿ ಓದಿ ಬೆಳೆದವನು. ಈಗ ನಗರದ ಹೊಸ ಮೆಟ್ರೋ ಮಾರ್ಗದಲ್ಲಿ ಇಂಜಿನಿಯರ್. ಒಂದು ಹಳೆಯ ಬೀದಿಯಲ್ಲಿ ಅಗೆತ ಶುರುವಾದೊಡನೆ ಅಲ್ಲಿಯ ಜನ ಅಡ್ಡ ಕುಳಿತಿದ್ದರು. ಕೆಲಸ ನಿಂತೇಹೋಗುವ ಹಾಗಿತ್ತು.

"ತಗಡಿನ ಗೋಡೆ ನಿಲ್ಲಿಸಿದ್ದೇವೆ. ದೂಳು ಏಳದಂತೆ ನೀರು ಹಾಕಿಸುತ್ತೇವೆ. ಕ್ಷಮೆ ಕೇಳಿ ಫಲಕವನ್ನೂ ಹಾಕಿದ್ದೇವೆ. ಇನ್ನೇನು ಮಾಡಬೇಕು?"

ಗುರುಗಳು ಒಂದು ಕತೆ ಹೇಳಿದರು.

ಒಬ್ಬ ರಾಜ ಕೋಟೆಯ ಬಾಗಿಲಿನಿಂದ ಹೊಳೆಯ ದಂಡೆಯವರೆಗೆ ಬಂಡಿಯ ದಾರಿ ಮಾಡಿಸಲು ಹೊರಟ. ಮರದ ಹಳಿಗಳ ಮೇಲೆ ಎತ್ತುಗಳು ಎಳೆಯುವ ದೊಡ್ಡ ಬಂಡಿ. ಯಾರು ಬೇಕಾದರೂ ಹತ್ತಬಹುದು. ರಾಜ ಅದರ ಹೊಣೆಯನ್ನು ಒಬ್ಬ ಅಧಿಕಾರಿಗೆ ಒಪ್ಪಿಸಿ, "ಒಂದು ದೂರು ಬಂದರೂ ಕೆಲಸ ನಿಲ್ಲಿಸುತ್ತೇನೆ" ಎಂದ.

ಅಧಿಕಾರಿಗೆ ಆ ಬಂಡಿ ಓಡಲೇಬೇಕಿತ್ತು. ಅವನ ತಾಯಿಗೆ ನಡೆಯಲು ಆಗುತ್ತಿರಲಿಲ್ಲ. ಹೊಳೆಯ ದಂಡೆಯಲ್ಲಿದ್ದ ಮಗಳನ್ನು ನೋಡಿಬರುವ ಆಸೆಯನ್ನೆಲ್ಲ ಆಕೆ ಈ ಬಂಡಿಯ ಮೇಲೆ ಇಟ್ಟುಕೊಂಡಿದ್ದಳು.

ದಾರಿ ಕಂಚುಗಾರರ ಬೀದಿಯಲ್ಲಿ ಹಾಯಬೇಕಿತ್ತು. ಅಧಿಕಾರಿ ಕೋಟೆಯೊಳಗಿನವನು, ಮೆದು ಮನಸ್ಸಿನವನು. ಬೀದಿಯ ಜನರಿಗೆ ಏನೇನು ಕಷ್ಟವಾದೀತು ಎಂದು ತನ್ನ ಮನೆಯಲ್ಲಿ ಕಣ್ಣು ಮುಚ್ಚಿ ಕುಳಿತು ಯೋಚಿಸಿದ. ಅವನಿಗೆ ಸದ್ದೆಂದರೆ ಆಗದು. ಎತ್ತುಗಳ ಕೊರಳ ಗಂಟೆ ಬಿಚ್ಚಿಸಿದ. ಕೆಮ್ಮು ಬಂದರೆ ಬೀದಿಯಾಚೆ ಹೋಗಿ ಕೆಮ್ಮಿ ಬನ್ನಿ ಎಂದು ಆಳುಗಳಿಗೆ ಹೇಳಿದ. ಹಾರೆಗಳಿಗೆ ಗೋಣಿ ಸುತ್ತಿಸಿದ. ಗೋಣಿ ಸುತ್ತಿದ ಹಾರೆ ಮಣ್ಣಿಗೆ ಇಳಿಯುವುದಿಲ್ಲ ಎಂದು ಅವರು ಹೇಳಿದರೆ, "ಮೆಲ್ಲಗೆ ಇಳಿಯಲಿ" ಎಂದ.

ಕೊನೆಗೆ ಕಂಚುಗಾರರ ಬಳಿಗೆ ಬಂದ. "ನಾಳೆ ಮೊದಲ ಅಗೆತ. ದೂಳಿನಲ್ಲಿ ಕುಳಿತು ನೀವು ದುಡಿಯುವುದು ಬೇಡ. ಒಂದು ದಿನ ಸುತ್ತಿಗೆ ಕೆಳಗಿಟ್ಟು ಆರಾಮವಾಗಿರಿ."

ಕಂಚುಗಾರರು ಮುಖ ಮುಖ ನೋಡಿಕೊಂಡರು. ಬೀದಿಯ ಹಿರಿಯ, "ಹಾಗಾದರೆ ಊರಿಗೆಲ್ಲ ಡಂಗುರ ಸಾರಿಸಿಬಿಡಿ, ಸ್ವಾಮಿ" ಎಂದ.

"ಡಂಗುರವೇ? ಊರವರ ಕಿವಿಗೆ ಅದೊಂದು ತೊಂದರೆ ಯಾಕೆ, ಯಜಮಾನರೇ?"

ಇಷ್ಟು ಯೋಚಿಸಿದವನಿಗೆ ಉಳಿದದ್ದೂ ಗೊತ್ತಿರಬೇಕು ಎಂದು ಹಿರಿಯ ಸುಮ್ಮನಾದ.

ಉಳಿದದ್ದು ಇಷ್ಟೇ. ಆ ಬೀದಿಯಲ್ಲಿ ಬೆಳಗಾದರೆ ಸುತ್ತಿಗೆಯ ಸದ್ದು ಏಳಬೇಕು, ಸಂಜೆಗೆ ನಿಲ್ಲಬೇಕು. ಹಗಲಿನಲ್ಲಿ ಸದ್ದಿಲ್ಲವೆಂದರೆ ಬೀದಿಯಲ್ಲಿ ಯಾರೋ ತೀರಿಕೊಂಡಿದ್ದಾರೆ ಎಂದೇ ಅರ್ಥ. ಬೇರೆ ಹೇಳಿಕಳಿಸುವ ಪದ್ಧತಿ ಇರಲಿಲ್ಲ. ಸುತ್ತಿಗೆ ನಿಂತರೆ ಊರು ಎದ್ದು ಹೊರಡುತ್ತಿತ್ತು.

ಮರುದಿನವೂ ಹೊರಟಿತು. ಹೂವಾಡಿಗನೊಬ್ಬ ಹಾರ ಹಿಡಿದು ಬಂದ. ಒಬ್ಬ ವರ್ತಕ ಅಂಗಡಿ ಮುಚ್ಚಿ ಬಂದ. ಒಬ್ಬ ರೈತ ಚಟ್ಟಕ್ಕೆ ಬಿದಿರು ಹೊತ್ತು ತಂದ. ಹೆಂಗಸರು ಬೀದಿಯ ತುದಿಯಿಂದಲೇ ಅಳಲು ಶುರು ಮಾಡಿದರು. ಯಾರ ಹೆಸರು ಹಿಡಿದು ಅಳಬೇಕೆಂದು ತಿಳಿಯದೆ ಎಲ್ಲರ ಹೆಸರನ್ನೂ ಹಿಡಿದರು. ಪ್ರತಿ ಮನೆಯವರೂ "ನಮ್ಮಲ್ಲಿ ಅಲ್ಲ, ಮುಂದೆ ನೋಡಿ" ಎಂದು ಹೇಳಿ, ತಾವೂ ನೋಡಲು ಹಿಂದೆ ಹೊರಟರು. ಅಗೆತದ ಗುರುತಿಗೆ ನೆಟ್ಟ ಗೂಟಗಳು, ಎಳೆದ ಹಗ್ಗಗಳು ಎಲ್ಲವೂ ಕಾಲಡಿಗೆ ಹೋದವು. ಸದ್ದು ಮಾಡಬಾರದೆಂದು ತಾನೇ ವಿಧಿಸಿದ್ದ ಅಧಿಕಾರಿ ಕೂಗಲಾರದೆ ಕೈ ಬೀಸುತ್ತ ನಿಂತ. ದುಃಖದ ಮನೆಯವನು ಇವನೇ ಇರಬೇಕೆಂದು ಜನ ಅವನ ಬೆನ್ನು ಸವರಿದರು.

ಬೀದಿಯ ಹಿರಿಯ ಜಗಲಿಯ ಮೇಲೆ ಮಲಗಿದ್ದ. ಹಗಲು ನಿದ್ದೆ ಅವನ ಆಯುಷ್ಯದಲ್ಲಿ ಅದೇ ಮೊದಲು. ಜನ ಹಾರ ಹಾಕಿದರು. ಹೂವಿನ ತಂಪಿಗೆ ಅವನು ಎದ್ದು ಕುಳಿತ.

"ಯಾರಪ್ಪ ಹೋದದ್ದು?"

"ನೀವೇ, ಅಜ್ಜ" ಎಂದ ವರ್ತಕ.

ಸುದ್ದಿ ಅರಮನೆಗೆ ಮುಟ್ಟಿತು. ರಾಜ ಹಿರಿಯನನ್ನು ಕರೆಸಿ ದೂರೇನೆಂದು ಕೇಳಿದ. ಅಧಿಕಾರಿ ಪಕ್ಕದಲ್ಲಿ ತಲೆ ತಗ್ಗಿಸಿ, ತಾಯಿಗೆ ಏನು ಹೇಳಲಿ ಎಂದುಕೊಳ್ಳುತ್ತಿದ್ದ.

ಹಿರಿಯ ಕೊರಳಿನ ಹಾರವನ್ನು ಇನ್ನೂ ತೆಗೆದಿರಲಿಲ್ಲ. "ದೂರೇನಿಲ್ಲ, ಮಹಾಸ್ವಾಮಿ. ನಾನು ಸತ್ತರೆ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಎಂದು ಕಣ್ಣಾರೆ ಕಂಡೆ. ಆ ಭಾಗ್ಯ ಎಷ್ಟು ಜನಕ್ಕುಂಟು?"

ಹೀಗೆ ಕೆಲಸ ನಿಲ್ಲದೆ ಉಳಿಯಿತು. ಅಧಿಕಾರಿ ಹಾರೆಗಳ ಗೋಣಿ ಬಿಚ್ಚಿಸಿದ. ಮತ್ತೆ ಅಗೆತ ನಡೆಯಿತು. ಸುತ್ತಿಗೆಗಳ ಸದ್ದಿನಲ್ಲಿ ಹಾರೆಯ ಸದ್ದು ಯಾರಿಗೂ ಕೇಳಿಸಲಿಲ್ಲ.

ನಿರ್ವಾಣಪ್ಪ ಮನಸಾರೆ ನಕ್ಕ. "ಎಂಥ ಪೆದ್ದ, ಗುರುಗಳೇ. ಒಂದು ಹಗಲು ಆ ಬೀದಿಯ ಜಗಲಿಯಲ್ಲಿ ಹೋಗಿ ಕುಳಿತಿದ್ದರೆ ಸಾಕಾಗಿತ್ತು."

ಗುರುಗಳೂ ನಕ್ಕರು. ಆಮೇಲೆ ಕೇಳಿದರು:

"ನೀನು ಅಗೆಯುತ್ತಿರುವ ಬೀದಿಯಲ್ಲಿ ಬೆಳಗಾದರೆ ಕೇಳುವ ಸದ್ದು ಯಾವುದು, ಮಗು?"