ಬೆಕ್ಕಿಗೆ ಕೊಟ್ಟ ನಾಲಿಗೆ

ಹೊಸಪೇಟೆಯಲ್ಲಿ ಹಂಪಿ ಗೈಡುಗಳಿಗೆ ಫ್ರೆಂಚ್ ಕಲಿಸುತ್ತಿದ್ದ ವಾಮನಮೂರ್ತಿ ಮೇಷ್ಟ್ರಿಗೆ ಜಂಭ ಜಾಸ್ತಿ. "ಒಗಟು ಬಿಡಿಸಲಾಗದೆ ಸೋತರೆ ಫ್ರೆಂಚರು 'ನನ್ನ ನಾಲಿಗೆ ಬೆಕ್ಕಿಗೆ ಕೊಟ್ಟೆ' ಅಂತಾರೆ. ನನ್ನ ಬಾಯಲ್ಲಿ ಈ ಮಾತು ಹೇಳಿಸೋಕೆ ಯಾರಿಂದಲೂ ಆಗಲ್ಲ" ಎಂದರು.

ಚಹಾ ತಂದಿದ್ದ ದುರುಗಮ್ಮನಿಗೂ ಗೈಡ್ ಆಗುವ ಆಸೆ. "ನಾನು ಹೇಳಿಸಿದ್ರೆ ಕ್ಲಾಸಿಗೆ ಸೇರಿಸ್ಕೊಂತೀರೇನ್ರಿ ಸರ್?"

"ಮೊದಲ ಬೆಂಚಲ್ಲೇ ಕೂರಿಸ್ತೀನಿ. ಕೇಳು ನಿನ್ನ ಒಗಟು."

ದುರುಗಮ್ಮ ಬಾಯಿ ತೆರೆದವಳು ತಲೆ ಕೆರೆದುಕೊಂಡಳು. "ತಡೀರಿ ಸರ್, ಸೋತ್ರೆ ಏನನ್ನಬೇಕು ಅಂದ್ರಿ? ಮರತೇ ಹೋತು."

ಮೇಷ್ಟ್ರು ಸಿಡುಕಿದರು. "ಅಷ್ಟೂ ನೆನಪಿರಲ್ವಾ? ನನ್ನ ನಾಲಿಗೆ ಬೆಕ್ಕಿಗೆ ಕೊಟ್ಟೆ."

ಕ್ಲಾಸು ಗೊಳ್ಳೆಂದಿತು. ಮೇಷ್ಟ್ರ ಬಾಯಿ ತೆರೆದೇ ಇತ್ತು, ಮಾತು ಮಾತ್ರ ಹೊರಡಲಿಲ್ಲ.

ದುರುಗಮ್ಮ ಲೋಟಗಳನ್ನು ಕಿಟಕಿಯಲ್ಲಿಟ್ಟು ಮೊದಲ ಬೆಂಚಿನಲ್ಲಿ ಕುಳಿತಳು. "ಅವಸರ ಇಲ್ರಿ ಸರ್. ಬೆಕ್ಕು ನಾಲಿಗೆ ವಾಪಸ್ ಕೊಟ್ಟ ಮ್ಯಾಲೆ ಪಾಠ ಶುರು ಮಾಡ್ರಿ."