ಕೆಳಗಿನ ಮೋಟಾರಿನ ಹೆಸರು

ಹೊಳೆದಂಡೆಯ ಆ ಆಶ್ರಮದಲ್ಲಿ ಮಂತ್ರ ಕಡಿಮೆ, ಮೋಟಾರು ಜಾಸ್ತಿ. ಗುರು ಮೌನಪ್ಪಜ್ಜ ಶಿಷ್ಯರ ಕಿವಿಯಲ್ಲಿ ಊದುತ್ತಿದ್ದದ್ದು ಒಂದೇ ಮಾತು.

"ಹೆಸರು ಕೂಗು. ಹೆಸರು ತಿರುಗಿ ಬರೋತನಕ ಸ್ವಿಚ್ಚಿಗೆ ಕೈ ಹಚ್ಚಬ್ಯಾಡ."

ಯಾಕೆಂದರೆ ಸ್ವಿಚ್ಚಿನ ಬೋರ್ಡು ಮೇಲೆ ದಿಬ್ಬದಲ್ಲಿ, ಮೋಟಾರು ಕೆಳಗೆ ಹೊಳೆಯಲ್ಲಿ, ನಡುವೆ ಜಾಲಿಗಿಡಗಳ ಮರೆ. ಕೆಳಗಿನವರ ಕೈಯಲ್ಲಿ ತಂತಿ ಇದೆಯೋ ಬಿಟ್ಟಿದ್ದಾರೋ, ಮೇಲಿನವರಿಗೆ ಕಾಣದು. ಅದಕ್ಕೇ ಮೇಲಿನವರು ಮೋಟಾರಿನ ಹೆಸರು ಕೂಗಬೇಕು. ಕೆಳಗಿನವರು ತಂತಿ ಬಿಗಿದು, ದೂರ ಸರಿದು, ಅದೇ ಹೆಸರನ್ನು ತಿರುಗಿ ಕೂಗಬೇಕು. ಆಮೇಲೆ ಸ್ವಿಚ್ಚು.

ಮೋಟಾರು ಎರಡು. ಮೊದಲನೆಯದು ಎದ್ದು ಸನ್ನೆ ಮಾಡಿದರೆ ಎರಡನೆಯದು ಏಳಬೇಕು. ಎರಡೂ ಕೂಡಿ ಎತ್ತಿದರೇ ದಿಬ್ಬದ ತೊಟ್ಟಿಗೆ ನೀರು. ಕೂರಿಸಲು ಬಂದವರು, "ಒಂದು ಒಡೆಯ, ಒಂದು ಗುಲಾಮ. ನಮ್ಮ ಕಸುಬಿನಲ್ಲಿ ಹಾಗೇ ಅನ್ನುವುದು" ಎಂದು ಹೇಳಿ ಹೋದರು.

ಹಿರಿಯ ಶಿಷ್ಯ ಚನ್ನಮಲ್ಲ ಅದನ್ನು ನಮ್ಮ ಕಡೆಯ ಮಾತಿಗೆ ಇಳಿಸಿದ. ಬಣ್ಣ ಕಲಸಿ ಒಂದರ ಮೇಲೆ "ಧಣಿ", ಇನ್ನೊಂದರ ಮೇಲೆ "ಜೀತ" ಎಂದು ಬರೆದ. ದೂರ ನಿಂತು ನೋಡಿ ತಾನೇ ತಲೆದೂಗಿದ. ಆಶ್ರಮ ಸೇರಿದರೂ ಕನ್ನಡಿ ಬಿಡದ ಆಸಾಮಿ ಅವನು. ಬೋರ್ಡಿನ ಗಾಜಿನಲ್ಲಿ ಕ್ರಾಪು ತೀಡಿಕೊಳ್ಳುವುದನ್ನು ನೋಡದವರು ಯಾರಿದ್ದರು?

ಹುಲಿಗೆವ್ವ ಕಲಿಯಲು ಸೇರಿದ್ದು ಆಮೇಲೆ.

ಅವಳ ತಾಯಿ ಊರಿನ ದೊಡ್ಡ ಮನೆಯ ಕೊಟ್ಟಿಗೆಯಲ್ಲಿ ಜೀತಕ್ಕಿದ್ದು ಮುದುಕಿಯಾದವಳು. "ಏ ಜೀತಾ" ಅಂದರೆ "ಬಂದೇರೀ" ಅನ್ನಬೇಕು, ಅಷ್ಟೇ. ಆ ಮನೆಯಲ್ಲಿ ಎಮ್ಮೆಗೆ ಹೆಸರಿತ್ತು, ಸಗಣಿ ಬಾಚುವವಳಿಗೆ ಇರಲಿಲ್ಲ. ದೊಡ್ಡ ಮನೆಯ ಇನ್ನೂ ಎಷ್ಟೋ ಮಾತುಗಳಿವೆ, ಹೇಳಹೋದರೆ ಮೂಗು ಮುಚ್ಚಿಕೊಳ್ಳಬೇಕು.

ಇಲ್ಲಿಯ ತನಕ ಹುಲಿಗೆವ್ವ ಮೊದಲ ಮೋಟಾರಿನ ಹತ್ತಿರವೇ ಕಲಿತಿದ್ದಳು. ಎರಡನೆಯದರ ಸರದಿ ಬಂದದ್ದು ಪರೀಕ್ಷೆಯ ದಿನ.

ಗೆದ್ದರೆ ಅಜ್ಜನ ಕೈಯಿಂದ ಪಾನಾ, ಇಕ್ಕಳ ತುಂಬಿದ ಹತ್ಯಾರದ ಚೀಲ, ಯಾವ ಊರಿಗೆ ಹೋದರೂ ಅನ್ನ. ಸೋತರೆ ತಾಯಿ ಬಿಟ್ಟುಬಂದ ಕೊಟ್ಟಿಗೆ. ದೊಡ್ಡ ಮನೆಯವರು ಆಗಲೇ ಹೇಳಿ ಕಳಿಸಿದ್ದರು: "ಕಲಿಯೋ ಆಟ ಮುಗಿದ ಮ್ಯಾಲ ಹುಡುಗಿನ್ನ ಇತ್ಲಾಗ ಕಳಸ್ರಿ."

ದಾಸೋಹದ ಪಂಕ್ತಿ ಕೂತಿತ್ತು. ಎಲೆ ಬಿದ್ದಿತ್ತು, ತೊಟ್ಟಿಯಲ್ಲಿ ನೀರಿರಲಿಲ್ಲ. ಹುಲಿಗೆವ್ವ ಎರಡನೇ ಮೋಟಾರಿನ ತಂತಿ ಬಿಗಿಯಲು ಹೊಳೆಗೆ ಇಳಿದಳು. ಮೇಲೆ ಬೋರ್ಡಿನ ಮುಂದೆ ಚನ್ನಮಲ್ಲ ನಿಂತ.

"ಜೀತಾ!" ಎಂದು ಕೂಗಿದ.

ಕೆಳಗಿನಿಂದ ಉತ್ತರವಿಲ್ಲ.

"ಏ ಜೀತಾ!"

ಹೊಳೆಯ ಸಪ್ಪಳ ಮಾತ್ರ.

ಪಂಕ್ತಿಯಲ್ಲಿ ಬಾಯಿಗಳು ತೆರೆದುಕೊಂಡವು.

"ಹೊಳ್ಯಾಗ ಬಿದ್ದಳೇನ?"

"ಬೀಳೂದೆಲ್ಲಿ? ಓಡಿ ಹೋಗಿರಬೇಕು."

"ಯಾರ ಕೂಡ?"

ಅನ್ನ ಬೀಳುವ ಮೊದಲೇ ಉಪ್ಪಿನಕಾಯಿ ಸಿಕ್ಕ ಹಾಗಾಯಿತು ಅವರಿಗೆ.

ಮಂದಿಯ ಮುಂದೆ ಚನ್ನಮಲ್ಲನ ಮುಖ ಕೆಂಪೇರಿತು. ಸ್ವಿಚ್ಚು ಎತ್ತಿಯೇ ಬಿಟ್ಟ.

ಮೊದಲ ಮೋಟಾರು ಗುಡುಗಿತು. ಎರಡನೆಯದು ಮಿಸುಕಲಿಲ್ಲ.

ಹುಲಿಗೆವ್ವ ದಡ ಹತ್ತಿ ಬಂದಳು. ಮೊಣಕೈ ತನಕ ಗ್ರೀಸು. ಕಾಲು ಗಟ್ಟಿಯಾಗಿ ಊರಿ ನಿಂತಳು.

"ಕಿವುಡಿ ಏನ ನೀ?" ಚನ್ನಮಲ್ಲ ಹಾರಾಡಿದ.

"ಕೇಳಿಸ್ತು."

"ಮತ್ತ ಯಾಕ ಓಗೊಡಲಿಲ್ಲ?"

"ಆ ಹೆಸರಿಗೆ ನಮ್ಮವ್ವ ಹಲ್ಲು ಉದುರೋತನಕ ಓಗೊಟ್ಟಾಳ. ನಮ್ಮ ಮನಿ ಪಾಲು ಮುಗದೈತಿ. ನೀವು ಬ್ಯಾರೆ ಮನಿ ನೋಡ್ಕೋರಿ."

"ಯಂತ್ರದ ಹೆಸರು ಅದು! ಕಬ್ಬಿಣಕ್ಕ ನೋವಾಕೈತೇನು?"

"ಕಬ್ಬಿಣ ಓಗೊಡೂದಿಲ್ಲ ಅಣ್ಣಾರ. ಓಗೊಡಾಕಿ ನಾನು."

ಅಷ್ಟರಲ್ಲಿ ಮೌನಪ್ಪಜ್ಜ ಬಂದರು. ಕೈಯಲ್ಲಿ ಸಾರಿನ ಸವಟು ಹಾಗೇ ಇತ್ತು. ಮೊದಲು ಸ್ವಿಚ್ಚು ಇಳಿಸಿದರು.

"ಅಜ್ಜಾರ, ಇಕಿ ನಿಯಮ ಮುರದಾಳ. ಮನಿಗೆ ಕಳಸ್ರಿ."

"ಕಳಸೋಣು. ಉತ್ತರ ಬಂದಿತ್ತೇನು?"

"ಇಲ್ರಿ."

"ಸ್ವಿಚ್ಚು ಯಾರು ಎತ್ತಿದ್ದು?"

ಚನ್ನಮಲ್ಲ ಪಂಕ್ತಿಯ ಕಡೆ ಕೈ ತೋರಿದ.

"ನಾನ ರಿ. ಪಂಕ್ತಿ ಕುಂತಿತ್ತು ಅಜ್ಜಾರ. ಜೀತದ ಉತ್ತರಕ್ಕ ಎಷ್ಟೊತ್ತಂತ ಕಾಯೂದು?"

ಮಾತು ಬಾಯಿಂದ ಬಿತ್ತು. ಬಿದ್ದ ಮೇಲೆ ಅವನಿಗೇ ಕೇಳಿಸಿತು.

ಹುಲಿಗೆವ್ವ ಸೆರಗಿನ ಗಂಟು ಬಿಚ್ಚಿ ಎರಡನೇ ಮೋಟಾರಿನ ಫ್ಯೂಸು ತೆಗೆದಳು. ಅದಿಲ್ಲದೆ ಆ ಮೋಟಾರಿಗೆ ಕರೆಂಟು ಹರಿಯುವಂತಿರಲಿಲ್ಲ.

"ಇದನ್ನ ಕಿತ್ತು ಇಟಗೊಂಡಿದ್ದಕ್ಕ ಉಳದೀನ್ರಿ ಅಜ್ಜಾರ. ಈ ಅಣ್ಣಾರು ಎತ್ತಿದಾಗ ತಂತಿ ನನ್ನ ಎರಡೂ ಕೈಯಾಗಿತ್ತು."

ಪಂಕ್ತಿಯ ಬಾಯಿಗಳು ಒಮ್ಮೆಗೇ ಮುಚ್ಚಿದವು. ನಮ್ಮ ಕಡೆ ಅದು ಸುಲಭಕ್ಕೆ ಆಗುವ ಕೆಲಸವಲ್ಲ.

"ಫ್ಯೂಸು ಕೀಳಂತ ನಾ ಕಲಿಸಿಲ್ಲಲ್ಲ?" ಅಜ್ಜ ಕೇಳಿದರು.

"ಹೆಸರು ಕೂಗೂದು ನೀವು ಕಲಿಸಿದ್ರಿ. ಧಣಿ ಅನಿಸಿಕೊಂಡವರ ಕೈಯಾಗ ಜೀವ ಕೊಟ್ಟು ನಿಂದ್ರಬ್ಯಾಡ ಅನ್ನೂದು ನಮ್ಮವ್ವ ಕಲಿಸ್ಯಾಳ. ಕಳಸೂದಾದ್ರ ಕಳಸ್ರಿ. ಆ ಹೆಸರು ಮಾತ್ರ ನನ್ನ ಬಾಯಾಗ ಬರೂದಿಲ್ಲ."

ಮೌನಪ್ಪಜ್ಜ ಸವಟು ಕೆಳಗಿಟ್ಟರು.

"ಚನ್ನಮಲ್ಲಾ, ಕೆಳಗ ಇಳಿ. ಉಳಿದ ತಂತಿ ನೀ ಬಿಗಿ. ಫ್ಯೂಸು ಹಾಕ್ಕೊಂಡ ಬಿಗಿ. ಹುಲಿಗೆವ್ವಾ, ಬೋರ್ಡು ನಿಂದು."

"ಫ್ಯೂಸು ಹಾಕ್ಕೊಂಡ ರಿ?"

"ಯಾಕೋ? ಮ್ಯಾಲಿನವರು ಉತ್ತರಕ್ಕ ಕಾದರ ಏನೂ ಆಗೂದಿಲ್ಲ."

ಚನ್ನಮಲ್ಲ ಫ್ಯೂಸು ಇಸಿದುಕೊಂಡು ಇಳಿದ. ತೀಡಿದ ಕ್ರಾಪಿನಿಂದ ಎಣ್ಣೆಯೂ ಬೆವರೂ ಕೂಡಿ ಕತ್ತಿಗೆ ಇಳಿಯುತ್ತಿತ್ತು. ಜಾಲಿಯ ಮರೆಗೆ ಹೋದದ್ದೇ ತಡ, ದನಿ ಬಂತು.

"ತಂಗೀ! ಹುಲಿಗೆವ್ವಾ! ತಂತಿ ಕೈಯಾಗ ಐತಿ! ಕೂಗಿ ಹೇಳವ್ವಾ, ಹಂಗ ಎತ್ತಬ್ಯಾಡ!"

ಅವನ ಬಾಯಲ್ಲಿ ಅವಳು ತಂಗಿಯಾದದ್ದು ಅದೇ ಮೊದಲು.

ಹುಲಿಗೆವ್ವ ಸ್ವಿಚ್ಚಿನ ಹತ್ತಿರ ನಿಂತಳು. "ಆ ಹೆಸರನ್ನ ಕೂಗ ಹುಡುಗೀ, ಅವನೂ ಒಂದ್ಸಲ ಓಗೊಡಲಿ" ಎಂದು ಪಂಕ್ತಿಯಿಂದ ಒಬ್ಬಾಕೆ ಪಿಸುಗುಟ್ಟಿದಳು. ಅದು ಹುಲಿಗೆವ್ವನ ನಾಲಿಗೆಯ ತುದಿಗೂ ಬಂದಿತ್ತು. ಬೆಲ್ಲದ ಹಾಗೆ ಸಿಹಿಯಾಗಿಯೂ ಇತ್ತು. ನುಂಗಿಕೊಂಡಳು.

"ಅಜ್ಜಾರ, ಆ ಎರಡನೇದು ಖರೇವಂದ್ರ ಜೀತ ಮಾಡ್ತೈತೇನ್ರಿ?"

"ದಿನಾ ಕಿವಿಗೊಟ್ಟು ಕೇಳಿದಾಕಿ ನೀನು. ನೀನ ಹೇಳು."

"ಮೊದಲಿಂದಕ್ಕ ಉಸಿರು ಸಾಲದಾಗ ಇದು ಎತ್ತಿ ಹಿಡೀತೈತಿ. ಭಜನ್ಯಾಗ ಹಿಮ್ಮೇಳದವರು ಹಿಡದಂಗ."

"ನನಗ್ಯಾಕ ಹೇಳ್ತಿ? ಕೆಳಗ ನಿಂತವನಿಗೆ ಹೇಳು."

ಹುಲಿಗೆವ್ವ ಎದೆ ತುಂಬ ಉಸಿರೆಳೆದಳು.

"ಹಿಮ್ಮೇಳಾ!"

ಕೂಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಳು. ಅನ್ನ ಆರಿತು. ಸಾರು ಆರಿತು. ಯಾರೋ ಕೆಮ್ಮಿದರು, ಯಾರೋ ಗೊಣಗಿದರು. ಅವಳು ಕೈ ಬಿಚ್ಚಲಿಲ್ಲ.

ಕಡೆಗೆ ಕೆಳಗಿನಿಂದ ಒಡಕು ದನಿಯೊಂದು ಜಾಲಿಯನ್ನು ಸೀಳಿಕೊಂಡು ಬಂತು.

"ಹಿಮ್ಮೇಳಾ!"

ಆಗ ಸ್ವಿಚ್ಚು ಎತ್ತಿದಳು. ಮೊದಲನೆಯದು ಎದ್ದಿತು, ಅದರ ದನಿ ಹಿಡಿದು ಎರಡನೆಯದು ಎದ್ದಿತು. ತೊಟ್ಟಿಗೆ ನೀರು ಬಂದು ಬಿತ್ತು.

ಚನ್ನಮಲ್ಲ ಮೇಲೆ ಬರುವಷ್ಟರಲ್ಲಿ ಹತ್ಯಾರದ ಚೀಲ ಹುಲಿಗೆವ್ವನ ಹೆಗಲ ಮೇಲಿತ್ತು. ಅವನು ಅದನ್ನು ನೋಡಿದ, ತನ್ನ ಕೈ ನೋಡಿಕೊಂಡ. ಆದರೂ ಸುಮ್ಮನಾಗುವ ಕುಳವಲ್ಲ.

"ಬಣ್ಣ ನಾನ ಅಳಸ್ತೀನ್ರಿ ಅಜ್ಜಾರ. ಆದ್ರ ಈ ಕಸುಬಿನ ಮಂದಿ ಲೋಕದ ತುಂಬ ಒಡೆಯ, ಗುಲಾಮ ಅಂತಾರಲ್ರಿ? ಅಷ್ಟೂ ಮಂದಿ ತಪ್ಪಂತೀರೇನು?"

ಮೌನಪ್ಪಜ್ಜ ಸವಟು ಎತ್ತಿಕೊಂಡು ಪಂಕ್ತಿಯ ಕಡೆ ತಿರುಗಿದರು.

"ಅನ್ನೋರೆಲ್ಲ ಮ್ಯಾಲ ಸ್ವಿಚ್ಚು ಹಿಡದು ನಿಂತವರೋ, ಕೆಳಗ ತಂತಿ ಹಿಡದು ನಿಂತವರೋ, ಅಷ್ಟ ಕೇಳಿಕೊಂಡು ಬಾ."